ಮಹಡಿಗೆ ಒಂದೇ ಲ್ಯಾನ್ ವೈರ್, ಅದರಲ್ಲಿ ಮೂರು ಸಾಧನ: ಸ್ಪ್ಲಿಟರ್ ಹಾಕಿದೆ, ಎಲ್ಲಾ ಕೆಟ್ಟಿತು

ಮಳೆನಾಡು:
ನಮ್ಮದು ಶಿವಮೊಗ್ಗದಲ್ಲಿ ಎರಡಂತಸ್ತಿನ ಮನೆ, 200 ಎಂಬಿಪಿಎಸ್ ಫೈಬರ್. ಕನೆಕ್ಷನ್ ಜೊತೆ ಬಂದ ಡಬ್ಬಿ (ಮೋಡೆಮ್-ರೂಟರ್) ಕೆಳಗೆ ಹಾಲ್‌ನಲ್ಲಿದೆ, ಅದರಲ್ಲಿ ಎರಡೇ ಲ್ಯಾನ್ ಪೋರ್ಟ್, ಅಂದರೆ ನೆಟ್ ವೈರ್ ಚುಚ್ಚುವ ತೂತು. ಕೆಳಗೆ ಟಿವಿ ಮತ್ತು ಕ್ಯಾಮೆರಾ ರೆಕಾರ್ಡರ್ ಇದೆ, ಮೇಲೆ ಆಫೀಸ್ ಲ್ಯಾಪ್‌ಟಾಪ್, ಮಗನ ಪ್ಲೇಸ್ಟೇಷನ್, ಪ್ರಿಂಟರ್. ಮನೆ ಕಟ್ಟುವಾಗ ಗೋಡೆಯೊಳಗೆ ಮೇಲಕ್ಕೆ ಒಂದೇ ವೈರ್ ಎಳೆಸಿದ್ದೆವು. ಆರ್‌ಸಿಸಿ ಗೋಡೆ ದಾಟಿ ವೈಫೈ ಸರಿಯಾಗಿ ಬರುವುದಿಲ್ಲ, ಹಾಗಾಗಿ ಎಲ್ಲಾ ವೈರ್‌ನಲ್ಲೇ ಬೇಕು.

ಅಂಗಡಿಯಲ್ಲಿ ಕೇಳಿದರೆ ವೈ ಆಕಾರದ ಒಂದು ಸ್ಪ್ಲಿಟರ್ ಕೊಟ್ಟು "ಇದೇ ಸಾಕು" ಅಂದರು. ಮೇಲೆ ಹಾಕಿದೆ. ಲ್ಯಾಪ್‌ಟಾಪ್ ಒಂದೇ ಇದ್ದಾಗ ಓಡುತ್ತದೆ. ಮಗ ಪ್ಲೇಸ್ಟೇಷನ್ ಆನ್ ಮಾಡಿದ ತಕ್ಷಣ ನನ್ನ ಮೀಟಿಂಗ್ ಕಟ್. ನಿನ್ನೆ ಮ್ಯಾನೇಜರ್ ಮಾತಾಡುತ್ತಿದ್ದಾಗಲೇ ಹೀಗಾಯ್ತು. ಇನ್ನೊಂದು ರೂಟರ್ ತಗೊಳ್ಳಬೇಕಾ?

ಬೈಟು_ಕಾಫಿ:
ರೂಟರ್ ಬೇಡ ಸರ್. ಆ ಸ್ಪ್ಲಿಟರ್ ಒಳಗೆ ಏನೂ ಇರುವುದಿಲ್ಲ, ತಂತಿಗೆ ತಂತಿ ಸೇರಿಸಿರುತ್ತಾರೆ ಅಷ್ಟೇ. ಎರಡು ಸಾಧನ ಒಂದೇ ತಂತಿಯಲ್ಲಿ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸಲ್ಲ ಅಲ್ವಾ, ಹಾಗೆ. ನಿಮಗೆ ಬೇಕಾದ್ದು ಸ್ವಿಚ್, ಒಂದೇ ವೈರನ್ನು ಹಲವು ಸಾಧನಕ್ಕೆ ಮಾತು ಬೆರೆಯದ ಹಾಗೆ ಹಂಚುವ ಪೆಟ್ಟಿಗೆ. ಕರೆಂಟ್ ಸ್ವಿಚ್ ಅಲ್ಲ, ನೆಟ್‌ವರ್ಕ್ ಸ್ವಿಚ್ ಅಂತಲೇ ಬಿಡಿಸಿ ಕೇಳಿ, ಇಲ್ಲಾಂದ್ರೆ ಎಲೆಕ್ಟ್ರಿಕಲ್ ಅಂಗಡಿ ಕಡೆ ಕೈ ತೋರಿಸುತ್ತಾರೆ. 8 ಪೋರ್ಟಿನದ್ದು ತಗೊಂಡುಬಿಡಿ.

ತಂತಿ_ಕಾಕಾ:
ಸ್ವಿಚ್ ಅಂದಿದ್ದು ಸರಿ, ಆದರೆ 8 ಪೋರ್ಟಿನದ್ದು ಒಂದು ತಗೊಂಡರೆ ಎಲ್ಲಿ ಇಡ್ತಾರೆ? ಕೆಳಗಿಟ್ಟರೆ ಮೇಲಕ್ಕೆ ಹೋಗುವ ವೈರ್ ಒಂದೇ, ಸಮಸ್ಯೆ ಅಲ್ಲೇ ಉಳಿಯಿತು. ಮೇಲಿಟ್ಟರೆ ಕೆಳಗೆ ಟಿವಿ, ರೆಕಾರ್ಡರ್, ಮೇಲಿನ ವೈರ್ ಅಂತ ಮೂರು ಆಯ್ತು, ಡಬ್ಬಿಯಲ್ಲಿರುವುದು ಎರಡೇ ತೂತು.

ಹಾಗಾಗಿ 5 ಪೋರ್ಟಿನ ಎರಡು ಸ್ವಿಚ್ ತಗೊಳ್ಳಿ. ಕೆಳಗಿನದಕ್ಕೆ ಡಬ್ಬಿಯಿಂದ ಒಂದು, ಟಿವಿ, ರೆಕಾರ್ಡರ್, ಮೇಲಕ್ಕೆ ಹೋಗುವ ವೈರ್. ಒಂದು ಖಾಲಿ ಉಳಿಯುತ್ತೆ. ಮೇಲಿನದಕ್ಕೆ ಗೋಡೆಯಿಂದ ಬಂದದ್ದು, ನಿಮ್ಮ ಮೂರು ಸಾಧನ, ಅಲ್ಲೂ ಒಂದು ಖಾಲಿ. ಪೋರ್ಟ್ ಎಣಿಸುವಾಗ ಒಳಗೆ ಬರುವ ವೈರಿಗೂ ಒಂದು ಬೇಕು ಅನ್ನುವುದನ್ನು ಮರೆತು 5 ಸಾಧನಕ್ಕೆ 5 ಪೋರ್ಟ್ ತರುವವರೇ ಜಾಸ್ತಿ.

ಸ್ವಿಚ್‌ನ ಪ್ಯಾಕಿನ ಮೇಲೆ ಗಿಗಾಬಿಟ್ (1000 ಎಂಬಿಪಿಎಸ್) ಅಂತ ಇರಲಿ, 10/100/1000 ಅಂತ ಬರೆದಿರುತ್ತೆ. ಬರೀ 10/100 ಇದ್ದರೆ ಅಲ್ಲೇ ಇಟ್ಟು ಬನ್ನಿ, ನಿಮ್ಮ 200ರಲ್ಲಿ ಅರ್ಧ ಕೈಗೇ ಸಿಗಲ್ಲ. ಟಿಪಿ-ಲಿಂಕ್, ಡಿ-ಲಿಂಕ್, ಯಾವುದಾದರೂ ನಡೆಯುತ್ತೆ. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಮಾಡುವ ಬಗೆಯದ್ದು) ಮನೆಗೆ ಸುಮ್ನೆ ದುಡ್ಡು ದಂಡ. ಸಾದಾ ಸ್ವಿಚ್‌ಗೆ ಸೆಟ್ಟಿಂಗ್ ಏನೂ ಇಲ್ಲ, ಅಡಾಪ್ಟರ್ ಹಾಕಿ ವೈರ್ ಚುಚ್ಚಿದರೆ ಮುಗೀತು. ಎರಡಕ್ಕೂ ಇನ್ವರ್ಟರ್ ಪಾಯಿಂಟ್‌ನಿಂದ ಕರೆಂಟ್ ಕೊಡಿ.

ಬೈಟು_ಕಾಫಿ:
ಒಂದೇ ವೈರ್ ಅನ್ನುವುದನ್ನು ನಾನು ಓದೇ ಇಲ್ಲ, ಕಾಕಾ ಹೇಳಿದ್ದೇ ಸರಿ. ಮನೆಯಲ್ಲಿ ಹಳೇ ರೂಟರ್ ಬಿದ್ದಿದ್ದರೆ ಒಂದು ಸ್ವಿಚ್‌ನ ದುಡ್ಡು ಉಳಿಸಬಹುದು. ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಐಪಿ (ರೂಟರ್‌ನ ಸ್ವಂತ ವಿಳಾಸ) ಬದಲಾಯಿಸಿ, ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ವೈರಿನ ತೂತು) ಬಿಟ್ಟು ಲ್ಯಾನ್ ಪೋರ್ಟಿಗೇ ವೈರ್ ಹಾಕಿ. ಮೇಲೆ ವೈಫೈಯೂ ಸಿಗುತ್ತೆ. ಆದರೆ ಹಳೇ ರೂಟರ್‌ಗಳಲ್ಲಿ ಬಹಳಷ್ಟರ ಪೋರ್ಟ್ 100 ಎಂಬಿಪಿಎಸ್ಸೇ.

ಮಳೆನಾಡು:
ಎರಡು ಸ್ವಿಚ್ ತಂದೆ. ಪ್ಲೇಸ್ಟೇಷನ್, ಮೀಟಿಂಗ್ ಎರಡೂ ಒಟ್ಟಿಗೆ ಓಡುತ್ತಿವೆ, ಥ್ಯಾಂಕ್ಸ್. ಆದರೆ ಒಂದು ತಕರಾರು. ಅದೇ ಲ್ಯಾಪ್‌ಟಾಪನ್ನು ಕೆಳಗಿನ ಸ್ವಿಚ್‌ಗೆ ಹಾಕಿದರೆ ಸ್ಪೀಡ್ ಟೆಸ್ಟ್ 200ರ ಹತ್ತಿರ, ಮೇಲೆ ಎಷ್ಟು ಸಲ ಮಾಡಿದರೂ 94. ಮೇಲಿನ ಸ್ವಿಚ್ ಡಿಫೆಕ್ಟ್ ಪೀಸಾ? ವಾಪಸ್ ಕೊಡಲಾ?

ತಂತಿ_ಕಾಕಾ:
ಕೊಡಬೇಡಿ. 94 ಅಂದರೆ ಎಲ್ಲೋ ಒಂದು ವೈರಿನ ಲಿಂಕ್ 100 ಎಂಬಿಪಿಎಸ್‌ಗೆ ಕೂತಿದೆ ಅಂತ ಅರ್ಥ. ಲ್ಯಾನ್ ವೈರ್ ಒಳಗೆ ಎಂಟು ಎಳೆ, ಅಂದರೆ ನಾಲ್ಕು ಜೋಡಿ ಇರುತ್ತೆ. 100ಕ್ಕೆ ನಾಲ್ಕು ಎಳೆ ಸಾಕು, ಕೇಸರಿ ಜೋಡಿ ಮತ್ತು ಹಸಿರು ಜೋಡಿ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. ಒಂದೇ ಒಂದು ಎಳೆ ಬಿಟ್ಟಿದ್ದರೂ ಸ್ವಿಚ್ ತಾನಾಗಿ 100ಕ್ಕೆ ಇಳಿಯಬಹುದು, ಯಾರಿಗೂ ಹೇಳುವುದೂ ಇಲ್ಲ. ಮೇಲಿನ ಸ್ವಿಚ್‌ನಲ್ಲಿ ಗೋಡೆಯಿಂದ ಬಂದ ಪೋರ್ಟಿನ ದೀಪ ನೋಡಿ, ಎಷ್ಟೋ ಮಾಡೆಲ್‌ನಲ್ಲಿ 100ಕ್ಕೆ ಬೇರೆ ಬಣ್ಣ ಇರುತ್ತೆ. ಆಮೇಲೆ ಗೋಡೆಯ ಪ್ಲೇಟ್ ಬಿಚ್ಚಿ ಒಂದು ಫೋಟೋ ಹಾಕಿ.

ಮಳೆನಾಡು:
ಬಿಚ್ಚಿದೆ, ಫೋಟೋ ಹಾಕಿದ್ದೇನೆ. ಕೇಸರಿ, ಹಸಿರು ಜೋಡಿ ಸರಿಯಾಗಿ ಕೂತಿವೆ. ಕಂದು ಜೋಡಿಯನ್ನು ವೈರಿಗೇ ಸುತ್ತಿ ಹಿಂದಕ್ಕೆ ತಳ್ಳಿದ್ದಾರೆ. ನೀಲಿ ಜೋಡಿ ಪಕ್ಕದ ತೂತಿನಿಂದ ಹೊರಗೆ ಬಂದು ಅಮ್ಮನ ರೂಮಿನ ಲ್ಯಾಂಡ್‌ಲೈನ್ ಫೋನಿಗೆ ಹೋಗಿದೆ, ಮೇಲೆ ಇನ್ಸುಲೇಷನ್ ಟೇಪ್. ಕೆಳಗಡೆಯೂ ಹಾಗೇ, ನೀಲಿ ಜೋಡಿ ಡಬ್ಬಿಯ ಹಿಂದಿನ ಫೋನ್ ಪೋರ್ಟಿಗೆ ಹೋಗಿದೆ. ಒಂದೇ ವೈರಿನಲ್ಲಿ ಎರಡು ಕೆಲಸ ಮಾಡಿಸಿದ್ದಾರೆ ಪುಣ್ಯಾತ್ಮರು.

ತಂತಿ_ಕಾಕಾ:
ಇದು ಹಳೇ ಟೆಕ್ನಿಕ್ಕು, ನಾನೂ ಎಷ್ಟೋ ಮನೆಗೆ ಮಾಡಿದ್ದೇನೆ, ಆಗ ಪ್ಲಾನೇ 10 ಎಂಬಿಪಿಎಸ್ ಇರುತ್ತಿತ್ತು. ಫೋನನ್ನು ಕೆಳಗೆ ಡಬ್ಬಿಯ ಪಕ್ಕಕ್ಕೇ ತನ್ನಿ. ಆಮೇಲೆ ಎರಡೂ ತುದಿಯಲ್ಲಿ ಎಂಟು ಎಳೆಯನ್ನೂ ಜಾಕ್ (ಗೋಡೆಯ ಪ್ಲೇಟಿನ ಲ್ಯಾನ್ ತೂತು) ಮೇಲಿನ ಬಣ್ಣ ನೋಡಿಕೊಂಡು ಕೂರಿಸಿ. ಜಾಕ್ ಮೇಲೆ ಎ, ಬಿ ಅಂತ ಎರಡು ಸಾಲು ಬಣ್ಣ ಇರುತ್ತೆ, ಎರಡೂ ಕಡೆ ಬಿ ಹಿಡಿಯಿರಿ. ಹೆಣೆದ ಜೋಡಿಯನ್ನು ಜಾಸ್ತಿ ಬಿಡಿಸಬೇಡಿ, ಅರ್ಧ ಇಂಚು ಸಾಕು. ಎಳೆಯನ್ನು ಜಾಕ್‌ಗೆ ಒತ್ತಿ ಕೂರಿಸುವ ಪಂಚಿಂಗ್ ಟೂಲ್ ಇಲ್ಲದೆ ಸ್ಕ್ರೂಡ್ರೈವರ್‌ನಲ್ಲಿ ಒತ್ತಿದರೆ ಜಾಕ್ ಹಾಳಾಗುತ್ತೆ.

ಇನ್ನೊಂದು ಮಾತು, ರೆಕಾರ್ಡರ್‌ಗೆ ಅಂಗಳದ ಕ್ಯಾಮೆರಾದಿಂದ ಲ್ಯಾನ್ ವೈರೇ ಬರುತ್ತಿದ್ದರೆ ಏಪ್ರಿಲ್-ಮೇ ಗುಡುಗಿಗೆ ಅದನ್ನು ಕಿತ್ತಿಡಿ. ನಿಮ್ಮ ಕಡೆ ಸಿಡಿಲಿಗೆ ಪೋರ್ಟ್ ಸುಡುವುದು ಇಂಥ ವೈರಿನಿಂದಲೇ ಜಾಸ್ತಿ.

ಮಳೆನಾಡು:
ಟೂಲ್ ಪಕ್ಕದ ಮನೆಯವರ ಹತ್ತಿರ ಸಿಕ್ಕಿತು. ಮೊದಲ ಸಲ ಕಂದು ಎಳೆ ಸರಿಯಾಗಿ ಕೂತಿರಲಿಲ್ಲ, ಎರಡನೇ ಸಲಕ್ಕೆ ದೀಪ ಹಸಿರಾಯ್ತು. ಈಗ ಮೇಲೂ 196 ಬರುತ್ತಿದೆ. ಫೋನ್ ಹಾಲ್‌ಗೆ ಬಂತು, ಅಮ್ಮನಿಗೆ ಮಾತ್ರ ಸಿಟ್ಟು, ಮಲಗಿಕೊಂಡೇ ಚಿಕ್ಕಮ್ಮನ ಜೊತೆ ಮಾತಾಡುವುದು ತಪ್ಪಿತಂತೆ. ಡಬ್ಬಿಯ ಫೋನ್ ಪೋರ್ಟಿಗೆ ಕಾರ್ಡ್‌ಲೆಸ್ ಫೋನ್ ಹಾಕಬಹುದಾ?

ತಂತಿ_ಕಾಕಾ:
ಧಾರಾಳವಾಗಿ ಹಾಕಿ.