ಪದಚರ್ಚೆ: 'ಲೋಡ್ ಸೈಡ್' ಎಂಬುದಕ್ಕೆ ಕನ್ನಡದಲ್ಲಿ ಏನು? ಪಂಪ್ ಕೋಣೆಯ ಫಲಕಕ್ಕೆ, ನಾಳೆ ಸಂಜೆಯೊಳಗೆ ಬೇಕು

ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಊರ ಹೊರಗಿನ ಒಂದು ಈಜುಗೊಳದ ಪಂಪ್ ಕೋಣೆಗೆ ಹಾಕುವ ಎಚ್ಚರಿಕೆ ಫಲಕವನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ನಾಳೆ ಸಂಜೆ ಪೇಂಟರ್ ಕೈಗೆ ಕೊಡಬೇಕು. ಕೊಳದ ನೀರಿಗೆ ಉಪ್ಪು ಹಾಕಿ, ಆ ಉಪ್ಪಿನಿಂದಲೇ ಕರೆಂಟಿನ ಬಲದಿಂದ ಕ್ಲೋರಿನ್ ಮಾಡಿಕೊಳ್ಳುವ ಯಂತ್ರ ಅಲ್ಲಿದೆ. ಲಕ್ಷ ಲೀಟರ್ ನೀರಿಗೆ 300 ಕಿಲೋ ಚಿಲ್ಲರೆ ಉಪ್ಪು ಬೀಳುತ್ತದೆ. ಪಂಪಿಗೆ ಟೈಮರ್ ಇದೆ. ಯಂತ್ರದ ವಾಯರನ್ನು ಆ ಟೈಮರಿನ 'ಲೋಡ್ ಸೈಡಿ'ಗೆ (ಪಂಪಿನ ಕಡೆಗೆ) ಜೋಡಿಸಬೇಕು, 'ಲೈನ್ ಸೈಡಿ'ಗೆ (ಮೇನ್ ಕಡೆಗೆ) ಜೋಡಿಸಬಾರದು ಎಂಬುದು ಸೂಚನೆಯ ತಿರುಳು.

ಸದ್ಯಕ್ಕೆ ಕೈಯಲ್ಲಿರುವ ಕರಡು ಇದು: "ಲವಣಜಲ ಕ್ಲೋರಿನ್ ಉತ್ಪಾದಕವನ್ನು ಕಾಲನಿಯಂತ್ರಕದ ಹೊರೆ ಬದಿಗೆ ಸಂಪರ್ಕಿಸತಕ್ಕದ್ದು." ಓದುವವರು ಅಲ್ಲಿಯ ವಾಯರ್‌ಮನ್ ಮತ್ತು ನೀರು ನೋಡಿಕೊಳ್ಳುವ ಹುಡುಗರು. ಯಂತ್ರಕ್ಕೆ, ಟೈಮರಿಗೆ, ಆ ಎರಡು 'ಸೈಡು'ಗಳಿಗೆ ತಕ್ಕ ಮಾತು ಬೇಕು. ದಯವಿಟ್ಟು ಬೇಗ ತಿಳಿಸಿ.

ಧಾರವಾಡದಿಂದ:

'ಲವಣಜಲ' ತೆಗೆದುಹಾಕಿ. ಉಪ್ಪು, ನೀರು ಎಂಬ ಎರಡು ಅಚ್ಚಗನ್ನಡ ಮಾತು ಮನೆಯಲ್ಲಿರುವಾಗ ಸಂಸ್ಕೃತದ ಬಾಗಿಲು ಏಕೆ ಬಡಿಯಬೇಕು? ಅದಕ್ಕೂ ಮೊದಲು 'ಈಜುಗೊಳ' ಸರಿಯಾಗಲಿ. ನಮ್ಮ ಸೀಮೆಯಲ್ಲಿ ಯಾರೂ ಈಜುವುದಿಲ್ಲ, ಈಸುತ್ತಾರೆ. ಮಕ್ಕಳು ಬಾವಿಗೆ ಹೋಗುವುದು 'ಈಸಾಕ'. ಎರಡೂ ರೂಪ ನಿಘಂಟಿನಲ್ಲಿವೆ. ಆದರೆ ಹುಬ್ಬಳ್ಳಿಯ ಗೋಡೆಯ ಮೇಲೆ ಹುಬ್ಬಳ್ಳಿಯ ರೂಪ ಇರಬೇಕು. 'ಈಸುಗೊಳ' ಎಂದು ಬರೆಯಿರಿ.

'ಹೊರೆ ಬದಿ' ಚೆನ್ನಾಗಿದೆ, ಬಿಡಬೇಡಿ. ಹೊರುವುದರಿಂದ ಹೊರೆ, ಕರೆಂಟು ಹೊತ್ತು ಸಾಗಿಸಬೇಕಾದದ್ದು ಪಂಪನ್ನೇ ಅಲ್ಲವೇ? ಟೈಮರಿಗೆ 'ಹೊತ್ತುಗಾರ' ಎನ್ನಿ. ಹೊತ್ತು ನೋಡಿ ಕೆಲಸ ಮಾಡುವವನು. ಓಲೆಗಾರ, ಬಳೆಗಾರ ಇದ್ದ ಹಾಗೆ. 'ಫಲಕ'ವೂ ಬೇಡ, 'ಹಲಗೆ' ಸಾಕು.

ಗದಗದಿಂದ:

ಹೊರೆ ಬದಿ ಆಗೂದಿಲ್ರಿ.

ನಾ ವಾಯರಿಂಗ್ ಕೆಲಸದಾವ. 'ಹೊರೆ ಬದಿ' ಅಂತ ಓದಿದ ಹುಡುಗ ಡಬ್ಬಿಯ ಯಾವ ಬಾಜೂ ಭಾರ ಐತಿ ಅಂತ ನೋಡ್ತಾನ. ಇದು ಶಬ್ದ ಚಂದ ಕಾಣೂ ಜಾಗಾ ಅಲ್ಲ. ಆ ಯಂತ್ರದ ಸೆಲ್‌ನ್ಯಾಗ, ಅಂದ್ರ ಕ್ಲೋರಿನ್ ಹುಟ್ಟೂ ಡಬ್ಬ್ಯಾಗ, ಟೈಟೇನಿಯಂ ತಗಡು ಇರ್ತಾವ. ಉಪ್ಪಿನ ನೀರು ನಡುವ ಹಾಯುವಾಗ ಡಿಸಿ ಕರೆಂಟ್ ಬಿಟ್ರ ಒಂದು ತಗಡಿನ ಕಡೆ ಕ್ಲೋರಿನ್ ಹುಟ್ಟತೈತಿ, ಇನ್ನೊಂದರ ಕಡೆ ಹೈಡ್ರೋಜನ್. ನೀರು ಹರೀತಿದ್ರ ಹೈಡ್ರೋಜನ್ ನೀರಿನ ಜೋಡಿ ಕೊಳಕ್ಕ ಹೋಗಿ ಬಯಲಿಗೆ ಹಾರಿ ಹೋಗತೈತಿ. ಪಂಪ್ ನಿಂತು ಸೆಲ್ ಒಂದೇ ನಡದ್ರ ಪೈಪಿನ್ಯಾಗ ಕೂಡಿ ಕುಂದ್ರತೈತಿ. ಗಾಳ್ಯಾಗ ನೂರಕ್ಕ 4 ಪಾಲು ಹೈಡ್ರೋಜನ್ ಆದ್ರ ಮುಗೀತು, ಒಂದು ಕಿಡಿಗೆ ಹೊತ್ತತೈತಿ. ಸೆಲ್ ಒಡದು ಚೂರ ಆಕ್ಕೈತಿ, ಮುಂದ ನಿಂತಾವನ ಗತಿ ಏನು?

ಅದಕ್ಕ ಟೈಮರ್ ದಾಟಿ ಪಂಪಿಗೆ ಹೋಗೂ ವಾಯರಿಗೇ ಯಂತ್ರ ಜೋಡಿಸಬೇಕು. ಟೈಮರ್ ಪಂಪ್ ಬಂದ್ ಮಾಡಿದ್ರ ಯಂತ್ರಾನೂ ಬಂದ್. ಮುಂಚಿನ ವಾಯರಿಗೆ ಕೊಟ್ರ ಅದಕ್ಕ ಹಗಲೂ ರಾತ್ರಿ ಕರೆಂಟ್. ನಮ್ಮಂಥಾವ್ರು ಇದಕ್ಕ 'ಇನ್‌ಕಮಿಂಗ್', 'ಔಟ್‌ಗೋಯಿಂಗ್' ಅಂತೀವಿ. ಕನ್ನಡದಾಗ 'ಬರೂದು', 'ಹೋಗೂದು'. ಇದರ ಮ್ಯಾಲ ಹೊಸಾ ಶಬ್ದ ಯಾಕ ಬೇಕು ಹೇಳ್ರಿ.

ಹಾವೇರಿಯಿಂದ:

'ಹೊತ್ತುಗಾರ'ದ ಬಗ್ಗೆ ಒಂದು ಮಾತು. ಕಾಲ ಎಂಬ ಅರ್ಥದ ಹೊತ್ತು ಹಳಗನ್ನಡದ 'ಪೊೞ್ತು', ತಮಿಳಿನ 'ಪೊೞುದು' ಅದರ ನಂಟು. ಹೊರುವುದರಿಂದ ಬಂದ ಹೊತ್ತು ಬೇರೆ. ಬೆಂಕಿ ಹೊತ್ತುವುದು ಮೂರನೆಯದು. ಹಳಗನ್ನಡದ ೞ ಅಕ್ಷರ ಇದ್ದಾಗ ಮೊದಲನೆಯದಾದರೂ ಬೇರೆಯಾಗಿತ್ತು, ಈಗ ಮೂರೂ ಒಂದೇ ಬರಹಕ್ಕೆ ಬಂದು ಕೂತಿವೆ. ಒಂದೇ ಸೂಚನೆಯಲ್ಲಿ ಹೊರೆ, ಹೊತ್ತುಗಾರ, ಜೊತೆಗೆ ಹೊತ್ತಿಕೊಳ್ಳುವ ಗಾಳಿ! ಓದುವವನಿಗೆ ಯಾವ ಹೊತ್ತು ಎಂದು ತಿಳಿಯಬೇಕು?

ನನ್ನ ಆಗ್ರಹ ಬೇರೆಯದರ ಮೇಲೆ. ಎಲ್ಲರೂ 'ಉಪ್ಪುನೀರು' ಅನ್ನುತ್ತಿದ್ದೀರಿ. ಉಪ್ಪುನೀರೆಂದರೆ ಸಮುದ್ರ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಈ ಕೊಳದಲ್ಲಿ ಇರುವುದು ಮೂರು, ಮೂರೂವರೆ ಗ್ರಾಂ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಬೇರೆ ಗತಿಯೇ ಇಲ್ಲದಾಗಲೂ ಲೀಟರಿಗೆ 2000 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನಕ. ಅದಕ್ಕಿಂತ ಮೇಲೆ, ಸಮುದ್ರಕ್ಕಿಂತ ಎಷ್ಟೋ ಕೆಳಗೆ ಇರುವ ನೀರಿಗೆ ನಮ್ಮಲ್ಲಿ ಹೆಸರಿದೆ: ಸವಳು. ತೆಲುಗಿನ 'ಚೌಡು', ತಮಿಳಿನ 'ಸವರ್' ಎಲ್ಲ ಅದೇ ಬಳ್ಳಿಯವು. ರೈತರ ಬಾಯಲ್ಲಿ ಇವತ್ತಿಗೂ ಬದುಕಿರುವ ಮಾತು. 'ಸವಳು ನೀರಿನ ಕೊಳ' ಎಂದರೆ ಅರ್ಥ ಗ್ರಾಂ ಲೆಕ್ಕಕ್ಕೂ ಸರಿಹೋಗುತ್ತದೆ.

ಗದಗದಿಂದ:

ನರಗುಂದ, ನವಲಗುಂದದ ಕಡೆ ಹೋಗಿ 'ಸವಳು' ಅಂದು ನೋಡ್ರಿ. ಮಲಪ್ರಭಾ ಕಾಲುವೆ ನೀರು ಹೆಚ್ಚಾಗಿ ಹೊಲ ಸವಳು-ಜವಳು ಆಗಿ ಪೀಕು ಹೋದ ಮಂದಿ ಅದಾರ ಅಲ್ಲಿ. ಅವರ ಕಿವ್ಯಾಗ ಆ ಶಬ್ದ ಅಂದ್ರ ಕೆಟ್ಟ ನೆಲ. ರೊಕ್ಕ ಕೊಟ್ಟು ಈಸಾಕ ಬಂದಾವ 'ಸವಳು' ಅನ್ನೂ ಬೋರ್ಡ್ ನೋಡಿದ್ರ ಮನಿಗೆ ಹೊಳ್ಳಿ ಹೊಕ್ಕಾನ.

ಹಾವೇರಿಯಿಂದ:

ಫಲಕ ಇರುವುದು ಪಂಪ್ ಕೋಣೆಯಲ್ಲಿ, ಗಿರಾಕಿ ಅಲ್ಲಿಗೆ ಬರುವುದಿಲ್ಲ. ಮಾತಿಗೆ ಕೆಟ್ಟ ಹೆಸರು ಬಂತೆಂದು ಮಾತನ್ನೇ ಬಿಟ್ಟರೆ ನಾಳೆ ಏನೂ ಉಳಿಯುವುದಿಲ್ಲ. ಆದರೂ ರೈತರ ನೋವಿನ ವಿಷಯ ಬಂದದ್ದರಿಂದ ಹಟ ಹಿಡಿಯುವುದಿಲ್ಲ.

ಧಾರವಾಡದಿಂದ:

'ಬಂದ್', 'ಬಾಜೂ', 'ರೊಕ್ಕ', 'ಬೋರ್ಡ್'. ಗದಗಿನ ಗೆಳೆಯರು ಎರಡು ಪತ್ರದಲ್ಲಿ ಎಷ್ಟು ಸಾಲ ತಂದಿದ್ದಾರೆ ನೋಡಿ. ಹೀಗೆ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಕೊಳವೆಬಾವಿ ಎಂಬ ಪದವನ್ನು ಜನ ಒಪ್ಪಲಿಲ್ಲವೇ? ಮೊದಲು ಕೇಳಿದಾಗ ಅದೂ ವಿಚಿತ್ರವಾಗಿಯೇ ಇದ್ದೀತು. ಬರೆಯುವವರು ಧೈರ್ಯ ಮಾಡಿದರೆ ಪದ ನಿಲ್ಲುತ್ತದೆ. 'ಹೊತ್ತುಗಾರ'ವೂ ನಿಲ್ಲುತ್ತದೆ.

ಹಾವೇರಿಯಿಂದ:

ಕೊಳವೆಬಾವಿಯ 'ಬಾವಿ' ಸಂಸ್ಕೃತದ ವಾಪಿಯ ತದ್ಭವ. ತಾವು ಫಲಕದ ಬದಲು ಕೊಟ್ಟ 'ಹಲಗೆ' ಅದೇ ಫಲಕದ ತದ್ಭವ. ಇನ್ನು ನಮ್ಮ ಕಡೆ ದನಕ್ಕೆ ನೀರು ಕುಡಿಸುವ 'ಹೌದಿ' ಅರಬ್ಬಿಯಿಂದ ಹೊರಟು ಮರಾಠಿ ಹಾದು ಬಂದದ್ದು. ಧಾರವಾಡದ ಮನೆಗಳಲ್ಲಿ ಬೀಗಕ್ಕೆ ಹಾಕುವ 'ಚಾವಿ' ಪೋರ್ಚುಗೀಸರದು. ಇವನ್ನೆಲ್ಲ ಹೊರಗೆ ಹಾಕಿದರೆ ನೀರು ಕುಡಿಸುವುದಕ್ಕೂ ಆಗದು, ಬಾಗಿಲು ತೆರೆಯುವುದಕ್ಕೂ ಆಗದು. ಎರವಲು ಎಂಬುದು ಭಾಷೆಯ ರೋಗವಲ್ಲ, ಅದರ ಉಸಿರಾಟ. ಈ ಮಾತನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಗದಗದಿಂದ:

ಸರ, ಸಿಟ್ಟಾಗಬ್ಯಾಡ್ರಿ. ಪೇಪರಿನ್ಯಾಗ 'ವಿದ್ಯುತ್ ಪರಿವರ್ತಕ' ಅಂತ ಬರೀತಾರ. ಹೊಲದಾಗ ರೈತ 'ಟಿಸಿ ಸುಟ್ಟೈತಿ' ಅಂತಾನ. ಲೈನ್‌ಮನ್ ಬರೂದು ಆ ಮಾತಿಗೇ. ಕನ್ನಡ ಬ್ಯಾಡ ಅಂತ ನಾ ಎಲ್ಲಿ ಅಂದೆ? ಬರೂದು, ಹೋಗೂದು ಕನ್ನಡ ಅಲ್ಲೇನು? ನೀವು ನಾಮಪದಕ್ಕ ಬಡದಾಡಾಕತ್ತೀರಿ, ನನಗ ಕ್ರಿಯಾಪದ ಸಾಕು.

ಧಾರವಾಡದಿಂದ:

ಕೊನೆಯ ವಾಕ್ಯ ಒಪ್ಪಿದೆ. ಕನ್ನಡದ ಶಕ್ತಿ ಕ್ರಿಯಾಪದದಲ್ಲಿದೆ ಎಂಬುದು ನನ್ನ ಹಳೆಯ ವಾದವೇ. ಹಾಗಿದ್ದರೆ 'ಉತ್ಪಾದಕ'ವೂ ಹೋಗಲಿ. ಗಾಣದಲ್ಲಿ ಎಣ್ಣೆ ತೆಗೆದಂತೆ ಇಲ್ಲಿ ಉಪ್ಪಿನಿಂದ ಕ್ಲೋರಿನ್ ತೆಗೆಯುತ್ತಾರೆ: 'ಉಪ್ಪಿನಿಂದ ಕ್ಲೋರಿನ್ ತೆಗೆಯುವ ಯಂತ್ರ.' 'ಟೈಮರ್' ಇರಲಿ, ಇಷ್ಟವಿಲ್ಲದೆ ಬಿಡುತ್ತಿದ್ದೇನೆ. ಹೈಡ್ರೋಜನ್ ಮಾತ್ರ ಬಿಡಲಾರೆ. ಕನ್ನಡ ಶಾಲೆಯ ಮಕ್ಕಳು ಜಲಜನಕ ಎಂದು ಕಲಿತಿದ್ದಾರೆ.

ಹಾವೇರಿಯಿಂದ:

ಜಲಜನಕ ಎರಡೂ ತುಂಡು ಸಂಸ್ಕೃತ. ಲವಣಜಲದ ಜಲ ಬೇಡವಾಗಿತ್ತು, ಜಲಜನಕದ ಜಲ ಹೇಗೆ ಬೇಕಾಯಿತು?

ಹುಬ್ಬಳ್ಳಿಯಿಂದ:

ಎಲ್ಲರಿಗೂ ಉಪಕಾರವಾಯಿತು. ಕೊನೆಯ ಕರಡು ಹೀಗಿದೆ:

"ಉಪ್ಪಿನಿಂದ ಕ್ಲೋರಿನ್ ತೆಗೆಯುವ ಯಂತ್ರಕ್ಕೆ, ಟೈಮರಿನಿಂದ ಪಂಪಿಗೆ ಹೋಗುವ ವಾಯರಿನಿಂದಲೇ ಕರೆಂಟ್ ಕೊಡಿ. ಟೈಮರಿಗೆ ಬರುವ ವಾಯರಿಗೆ ಜೋಡಿಸಬೇಡಿ. ಪಂಪ್ ಚಾಲೂ ಇದ್ದಾಗ ಮಾತ್ರ ಯಂತ್ರ ನಡೆಯಬೇಕು. ಇಲ್ಲದಿದ್ದರೆ ಪೈಪಿನಲ್ಲಿ ಹೈಡ್ರೋಜನ್ ಅನಿಲ ತುಂಬಿ ಸಿಡಿಯಬಹುದು."

ಜಲಜನಕವನ್ನು ನಾನೂ ಶಾಲೆಯಲ್ಲಿ ಕಲಿತವಳು, ಆ ಪದ ನನಗೆ ಪ್ರೀತಿಯದೇ. ಆದರೆ ಆ ಕೋಣೆಯ ಹುಡುಗರು ಹೈಡ್ರೋಜನ್ ಎನ್ನುವುದನ್ನು ಕೇಳಿದ್ದೇನೆ. 'ಈಜುಗೊಳ'ದ ಗೊಡವೆಯೇ ಈ ವಾಕ್ಯಗಳಲ್ಲಿ ಬರಲಿಲ್ಲ.

ಗದಗದಿಂದ:

ಅಕ್ಕಾರ, ಒಂದು ಕಡೆ ತಿದ್ದಬೇಕು. 'ಪಂಪ್ ಚಾಲೂ ಇದ್ದಾಗ' ಅಂದ್ರ ಸಾಲೂದಿಲ್ಲ. ವಾಲ್ವ್ ಮುಚ್ಚಿದ್ರ, ಇಲ್ಲಾ ಪಂಪ್ ಗಾಳಿ ಹಿಡದ್ರ ಮೋಟರ್ ತಿರಗತಿರ್ತೈತಿ, ನೀರು ಹರಿಯೂದಿಲ್ಲ. ಟೈಮರಿಗೆ ಅದು ಗೊತ್ತಾಗೂದಿಲ್ಲ. ಅದನ್ನ ಹಿಡಿಯಾಕ ಪೈಪಿನ್ಯಾಗ ಫ್ಲೋ ಸ್ವಿಚ್ ಬ್ಯಾರೇನ ಇರ್ತೈತಿ. 'ನೀರು ಹರಿಯುವಾಗ ಮಾತ್ರ ಯಂತ್ರ ನಡೆಯಬೇಕು. ಫ್ಲೋ ಸ್ವಿಚ್ ತಪ್ಪಿಸಿ ನೇರ ಜೋಡಿಸಬೇಡಿ' ಅಂತ ಬರೀರಿ.

ಇನ್ನೊಂದು ಕೇಳಿಕೋರ್ರಿ: ಅಲ್ಲಿ ಪಂಪ್ ತ್ರೀ ಫೇಸ್ ಇದ್ರ ಟೈಮರ್ ಬರೇ ಕಾಂಟ್ಯಾಕ್ಟರಿನ (ಪಂಪಿಗೆ ಕರೆಂಟ್ ಬಿಡೂ ದೊಡ್ಡ ಸ್ವಿಚ್ಚಿನ) ಕಾಯಿಲ್ ನಡಸ್ತಿರ್ತೈತಿ. ಆವಾಗ ಪಂಪಿಗೆ ಹೋಗೂ ವಾಯರು ಟೈಮರಿನಿಂದ ಅಲ್ಲ, ಕಾಂಟ್ಯಾಕ್ಟರಿನಿಂದ ಹೊರಡ್ತಾವ. ಯಂತ್ರ 230 ವೋಲ್ಟಿಂದು ಇದ್ರ ಅಲ್ಲಿಂದ ಒಂದು ಫೇಸ್, ಜೋಡಿ ನ್ಯೂಟ್ರಲ್, ನಡುವ ಬ್ಯಾರೆ ಎಂಸಿಬಿ, ಅಂದ್ರ ಕರೆಂಟ್ ಹೆಚ್ಚಾದ್ರ ತಾನ ಬಂದ್ ಆಗೂ ಸ್ವಿಚ್. ಎರಡು ಫೇಸ್ ನಡುವ ಕೊಟ್ರ 415 ವೋಲ್ಟ್ ಬಿದ್ದು ಯಂತ್ರ ಸುಡತೈತಿ. ತ್ರೀ ಫೇಸ್ ಆದ್ರ ನಿಮ್ಮ ವಾಕ್ಯದಾಗ 'ಟೈಮರಿನಿಂದ' ತಗದು 'ಕಾಂಟ್ಯಾಕ್ಟರಿನಿಂದ' ಅನ್ರಿ. ಎಲ್ಲಾದರ ಮ್ಯಾಲ 'ಮೊದಲು ಮೇನ್ ಬಂದ್ ಮಾಡಿ' ಅಂತ ಒಂದು ಸಾಲು ಇರಲಿ. 'ಹೋಗುವ', 'ಬರುವ' ಎರಡೂ ಶಬ್ದ ಕೆಂಪು ಬಣ್ಣದಾಗ ಬರಿ ಅಂತ ಪೇಂಟರಿಗೆ ಹೇಳ್ರಿ.