ಓದುಗರ ಸ್ಪಂದನ: ಕೋಣೆಯಿಲ್ಲದ ಮನೆಯಲ್ಲಿ ಕೆಲಸಕ್ಕೊಂದು ಮೂಲೆ

ಕಳೆದ ಸಂಚಿಕೆಯ ಸಮಸ್ಯೆ: ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. ಹಾಲ್, ಒಂದು ಮಲಗುವ ಕೋಣೆ, ಅಡುಗೆಮನೆ, ಅಷ್ಟೇ. ಅತ್ತೆ, ಯಜಮಾನರು, ಎರಡು ಮಕ್ಕಳು ಸೇರಿ ಐದು ಜನ. ದಿನಕ್ಕೆ ಎಂಟು ಗಂಟೆ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಮಂಚದ ಮೇಲೆ ಕೂತು ಸೊಂಟ ಹಿಡಿದುಕೊಂಡಿದೆ. ಗೋಡೆಗೆ ತೂತು ಹಾಕಲು ಮಾಲೀಕರು ಒಪ್ಪುವುದಿಲ್ಲ. ಕರೆಂಟ್ ಹೋದರೆ ನೆಟ್ ಹೋಗುತ್ತದೆ, ಮೀಟಿಂಗ್ ನಡುವೆ ಕುಕ್ಕರ್ ಕೂಗುತ್ತದೆ. ದಾರಿ ಹೇಳಿ.

ತಂಗಿ, ಮೇಜಿನ ಮಾತು ಆಮೇಲೆ, ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ನಮ್ಮೂರ ಏಪ್ರಿಲ್, ಮೇ ಬಿಸಿಲಿಗೆ ಪಡುವಣ ಗೋಡೆ ಮಧ್ಯಾಹ್ನ ಕಾಯಲು ಶುರುವಾದರೆ ರಾತ್ರಿ ಊಟದ ಹೊತ್ತಿಗೂ ಆರುವುದಿಲ್ಲ. ಮೇಲೆ ಬಯಲು ಟೆರೇಸ್ ಇದ್ದರೆ ತಲೆಯ ಮೇಲಿಂದಲೂ ಧಗೆ. ಆ ಗೋಡೆಯ ಆಸೆ ಬಿಡಿ. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ. ಬೆನ್ನ ಹಿಂದೆ ಇದ್ದರೆ ಸ್ಕ್ರೀನ್ ಮೇಲೆ ಬೆಳಕು ಹೊಳೆದು ಅಕ್ಷರ ಕಾಣುವುದಿಲ್ಲ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ.

ಇನ್ನು ಮೇಜು. ಹಾಲಿನಲ್ಲೋ ಮಲಗುವ ಕೋಣೆಯಲ್ಲೋ ಬಾಗಿಲಿಲ್ಲದ ಕಡಪ ಕಲ್ಲಿನ ಕಪಾಟು ಇದೆಯೇ ನೋಡಿ. ಅದರ ಒಂದು ಕಲ್ಲು ನೆಲದಿಂದ 24ರಿಂದ 28 ಇಂಚು ಎತ್ತರದಲ್ಲಿದ್ದರೆ ಗೋಡೆಗೆ ಒಂದು ಮೊಳೆಯೂ ಬೇಡ. ಕಪಾಟಿನ ಒಳ ಅಗಲಕ್ಕಿಂತ ಅರ್ಧ ಇಂಚು ಕಡಿಮೆ ಅಗಲ, 24 ಇಂಚು ಆಳದ ಪ್ಲೈವುಡ್ ಹಲಗೆ ಕೊಯ್ಯಿಸಿ. ಪೂರ್ತಿ ಶೀಟು 8 ಅಡಿಗೆ 4 ಅಡಿ ಇರುತ್ತದೆ, ನಿಮಗೆ ಅದರ ಕಾಲು ಭಾಗ ಸಾಕು. ತುಂಡು ಕೊಡುವ ಅಂಗಡಿಯಲ್ಲಿ ಕೇಳಿ. ಹಲಗೆಯ ಹಿಂದಿನ 6 ಇಂಚು ಕಲ್ಲಿನ ಮೇಲೆ ಕೂರಲಿ, 18 ಇಂಚು ಹೊರಗೆ ಬರಲಿ. ಮುಂದಿನ ಅಂಚಿನಿಂದ 2 ಇಂಚು ಒಳಗೆ ತಿರುಗಣಿ ಹಾಕಿ ಎರಡು ಮಡಚುವ ಕಾಲು ಕೊಡಿಸಿ. ಕಾಲಿನ ಉದ್ದ ನೆಲದಿಂದ ಕಲ್ಲಿನ ಮೇಲ್ಮೈವರೆಗಿನ ಅಳತೆಯಷ್ಟೇ ಇರಬೇಕು, ಕಾಲು ಇಂಚು ತಪ್ಪಿದರೂ ಹಲಗೆ ಕುಣಿಯುತ್ತದೆ. ನೆಲ ಇಳಿಜಾರಿದ್ದರೆ ಕಾಲಿನ ತುದಿಗೆ ತಿರುಗಿಸಿ ಎತ್ತರ ಹೊಂದಿಸುವ ಬುಷ್ ಹಾಕಿಸಿ.

ಕಾಲಿಲ್ಲದೆ ಹಲಗೆಯನ್ನು ಬರೀ ಕಲ್ಲಿನ ಮೇಲೆ ಚಾಚಿ ಇಡಬೇಡಿ. ಮೊಣಕೈ ಊರಿದ ಕೂಡಲೇ ಲ್ಯಾಪ್‌ಟಾಪ್ ಸಮೇತ ಮಗುಚುತ್ತದೆ. ಮಕ್ಕಳ ಕಾಲು ತಾಗಿ ಮೇಜಿನ ಕಾಲು ಮಡಚಿಕೊಳ್ಳುವುದೂ ಉಂಟು. ಪ್ರತಿ ಕಾಲಿಗೆ ಒಂದು ಸಣ್ಣ ಚಿಲಕ ಇಟ್ಟು, ಬಿಡಿಸಿದ ಮೇಲೆ ಭದ್ರ ಮಾಡುವ ಅಭ್ಯಾಸವಿರಲಿ. ಹಲಗೆ ಜಾರದ ಹಾಗೆ ಕಲ್ಲಿನ ಮೇಲೆ ತೆಳು ರಬ್ಬರ್ ಮ್ಯಾಟ್ ಹಾಸಿ, ಹಿಂಭಾಗದಲ್ಲಿ ಫೈಲುಗಳ ಭಾರ ಇಡಿ.

18 ಎಂಎಂ ಪ್ಲೈ ಗಟ್ಟಿಯೇನೋ ಹೌದು. ಆದರೆ 4 ಅಡಿಗೆ 2 ಅಡಿ ಹಲಗೆ ಎಂಟೊಂಬತ್ತು ಕಿಲೋ ತೂಗುತ್ತದೆ, ದಿನಾ ಎತ್ತಿಡಲು ಕಷ್ಟ. 12 ಎಂಎಂ ಹಾಕಿ, ಅಡಿಯಲ್ಲಿ ಉದ್ದಕ್ಕೂ 2 ಇಂಚಿನ ಮರದ ಪಟ್ಟಿ ಎರಡು ಬಡಿದರೆ ಹಗುರವೂ ಆಯಿತು, ಬಾಗುವುದೂ ಇಲ್ಲ. ಪಟ್ಟಿಗಳು ಕಲ್ಲಿನ ಹೊರಗೆ ಬರುವ ಭಾಗದಲ್ಲಿರಲಿ, ಕಲ್ಲಿನ ಮೇಲೆ ಕೂರುವ ಭಾಗ ಚಪ್ಪಟೆಯಾಗಿರಬೇಕು. ಹಲಗೆಯ ಮೇಲೆ ಅಂಟಿಸುವ ಸನ್‌ಮೈಕಾ ಹಾಳೆ ಹೊಳಪಿಲ್ಲದ್ದು ಆರಿಸಿ. ಒಂದು ಮುಖಕ್ಕೆ ಮಾತ್ರ ಅಂಟಿಸಿದರೆ ಹಲಗೆ ನಿಧಾನವಾಗಿ ಸೊಟ್ಟಗಾಗುತ್ತದೆ, ಅಡಿಗೂ ತೆಳುವಾದ ಒಂದು ಪದರ ಅಂಟಿಸಲು ಹೇಳಿ. ಖರ್ಚು ಉಳಿಸಲು ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಕಪಾಟೇ ಇಲ್ಲದಿದ್ದರೆ ಎ ಆಕಾರದ ಮಡಚುವ ಕಬ್ಬಿಣದ ಸ್ಟ್ಯಾಂಡ್ ಎರಡು, ಮೇಲೆ ಇದೇ ಹಲಗೆ. ಸಂಜೆ ಬೀರುವಿನ ಪಕ್ಕಕ್ಕೆ ಒರಗಿಸಿಟ್ಟರೆ ಹಿಡಿಯುವ ಜಾಗ ಒಂದು ಗೇಣು.

— ಮರಗೆಲಸದವರು, ಕೆ.ಟಿ.ಜೆ. ನಗರ, ದಾವಣಗೆರೆ

ಸೊಂಟದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ ಸೋದರಿ. ಮಂಚದ ಮೇಲೆ ಕಾಲು ಚಾಚಿ ಕೂತಾಗ ಕೆಳಬೆನ್ನು ಹೊರಕ್ಕೆ ಬಾಗುತ್ತದೆ, ಲ್ಯಾಪ್‌ಟಾಪ್ ನೋಡಲು ಕತ್ತೂ ಬಗ್ಗುತ್ತದೆ. ಮೆತ್ತಗಿನ ಹಾಸಿಗೆ ಯಾವ ಆಧಾರವನ್ನೂ ಕೊಡುವುದಿಲ್ಲ. ದಿಂಬು ಹೆಚ್ಚಿಸಿದರೆ ಇದು ಸರಿಹೋಗದು.

ಮೇಜಿನ ಎತ್ತರ ನಿರ್ಧರಿಸಬೇಕಾದ್ದು ನಿಮ್ಮ ಮೊಣಕೈ. ಕುರ್ಚಿಯಲ್ಲಿ ಪಾದ ಪೂರ್ತಿ ನೆಲಕ್ಕೂರಿ ಕೂತು, ಭುಜ ಸಡಿಲ ಬಿಟ್ಟು, ಕೈ ಮಡಚಿ. ನೆಲದಿಂದ ಮೊಣಕೈಯ ಅಡಿಯವರೆಗೆ ಟೇಪು ಹಿಡಿಯಿರಿ. ಕೀಬೋರ್ಡ್ ಇರಬೇಕಾದ ಎತ್ತರ ಅದೇ. ಐದು ಅಡಿ ಎರಡು ಇಂಚಿನ ಹೆಂಗಸಿಗೆ ಅದು ಸುಮಾರು 25 ಇಂಚು ಬರುತ್ತದೆ. ಪೇಟೆಯಲ್ಲಿ ಸಿಗುವ ಮೇಜು ಬಹುಪಾಲು 29, 30 ಇಂಚು. ಭುಜ ಎತ್ತಿಕೊಂಡೇ ಟೈಪ್ ಮಾಡಬೇಕಾಗಿ ಸಂಜೆಗೆ ಕತ್ತು ಕಲ್ಲಾಗುವುದು ಇದರಿಂದಲೇ. ಮೇಜು ತಗ್ಗಿಸಲಾಗದಿದ್ದರೆ ಗಟ್ಟಿ ದಿಂಬು ಹಾಕಿ ನೀವು ಎತ್ತರವಾಗಿ, ಕಾಲಡಿಗೆ ಅಷ್ಟೇ ಎತ್ತರದ ಮಣೆ ಇಟ್ಟುಕೊಳ್ಳಿ.

ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನೂ ಕೀಬೋರ್ಡೂ ಒಂದಕ್ಕೊಂದು ಅಂಟಿಕೊಂಡಿರುವುದೇ ತೊಂದರೆ. ಒಂದು ಕೈಗೆ ಸರಿಯಾದರೆ ಇನ್ನೊಂದು ಕಣ್ಣಿಗೆ ತಪ್ಪುತ್ತದೆ. ಬೇರೆ ಕೀಬೋರ್ಡ್, ಮೌಸ್ ತಂದು, ಲ್ಯಾಪ್‌ಟಾಪನ್ನು ಐದಾರು ಇಂಚು ಎತ್ತರಿಸಿ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ದೂರ ಒಂದು ತೋಳಿನಷ್ಟು. ಹಣ ಕಡಿಮೆಯಿದ್ದರೆ ಬೇರೆಲ್ಲ ಬಿಟ್ಟು ಮೊದಲು ಕೀಬೋರ್ಡಿಗೆ ಹಾಕಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನಮಗೆ ರೂಢಿ, ತಪ್ಪೇನಲ್ಲ. ಆದರೆ ಎಂಟು ಗಂಟೆ ಅದೊಂದೇ ಭಂಗಿ ಬೇಡ, ಮಂಡಿ ನೋವಿರುವವರಿಗೆ ಅದು ಬೇಡವೇ ಬೇಡ. ಯಾವ ಭಂಗಿಯಾದರೂ ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ಕಾಲಿಗೆ ಜೋಮು ಇಳಿಯುತ್ತಿದ್ದರೆ ಮೇಜಿಗಿಂತ ಮೊದಲು ವೈದ್ಯರನ್ನು ಕಾಣಿ.

— ಫಿಸಿಯೋಥೆರಪಿಸ್ಟ್, ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ

ಮೇಡಮ್, ಕರೆಂಟ್ ಹೋದಾಗ ನೆಟ್ ಹೋಗುವುದು ಬಹಳ ಸಲ ಮನೆಯ ರೂಟರ್ ಆರುವುದರಿಂದ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ರೂಟರಿಗೆ ಇಲ್ಲ. ರೂಟರ್‌ಗೆಂದೇ ಸಣ್ಣ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಅದನ್ನು ನಡೆಸುವ ಬ್ಯಾಟರಿ ಡಬ್ಬಿ, ಸಿಗುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರಿನ ಚೀಟಿ ಓದಿ, 12 ವೋಲ್ಟೋ 9 ವೋಲ್ಟೋ, ಎಷ್ಟು ಆಂಪಿಯರ್ ಎಂದು. ವೋಲ್ಟ್ ಸರಿಸಮ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. 9 ವೋಲ್ಟಿನದಕ್ಕೆ 12 ಕೊಟ್ಟರೆ ಸುಡಬಹುದು. ಫೈಬರ್ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು ಯುಪಿಎಸ್ ಸರಿಯಿಲ್ಲ ಎನ್ನುವವರು ಬಹಳ.

ಮನೆಗೆ ಇನ್ವರ್ಟರ್ ಇದ್ದರೆ ಅದು ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಹೀಗೆ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಇನ್ವರ್ಟರ್ ತಾನೇ ತಿನ್ನುವುದನ್ನು, ಬ್ಯಾಟರಿಯಲ್ಲಿ ಉಳಿಸಬೇಕಾದ್ದನ್ನು ಕಳೆದರೆ ಬಳಕೆಗೆ ಸಿಗುವುದು ಸುಮಾರು 1100. ಲ್ಯಾಪ್‌ಟಾಪ್ 65, ರೂಟರ್ 10, ಎಲ್‌ಇಡಿ 10, ಹಳೆ ಫ್ಯಾನ್ 75, ಒಟ್ಟು 160 ವ್ಯಾಟ್. ಏಳು ಗಂಟೆ ಹತ್ತಿರ ಬರುತ್ತದೆ. ಫ್ಯಾನನ್ನು ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ ಒಂಬತ್ತು ಗಂಟೆ ದಾಟುತ್ತದೆ. ಬ್ಯಾಟರಿ ಹಳತಾದಂತೆ ಇದು ಇಳಿಯುತ್ತದೆ. ಮೇಜಿನ ಮೇಲಿಡುವ ಕಂಪ್ಯೂಟರ್ ಆದರೆ ಇನ್ವರ್ಟರಿನ ಗುಂಡಿ ಯುಪಿಎಸ್ ಮೋಡಿನಲ್ಲಿರಲಿ, ಇಲ್ಲವಾದರೆ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ಆರಿ ಹತ್ತುತ್ತದೆ. ನೀರು ಹಾಕುವ ಬ್ಯಾಟರಿಯನ್ನು ಮಾತ್ರ ಜಾಗ ಉಳಿಯಲೆಂದು ಮೇಜಿನಡಿಗೋ ಮುಚ್ಚಿದ ಕಪಾಟಿಗೋ ತಳ್ಳಬೇಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಾಡುವ ಜಾಗವೇ ಬೇಕು.

ಬಾಡಿಗೆ ಮನೆ, ಹೊಸ ಪಾಯಿಂಟ್ ಹಾಕಿಸಲಾಗದು, ಸರಿ. ಮೂರು ಎಳೆ ವೈರಿನ, ಫ್ಯೂಸ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ತನ್ನಿ. ಎರಡು ಎಳೆಯದು ಬೇಡ. ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಸಾಕೆಟಿನಲ್ಲಿ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಎಳೆ) ಇಲ್ಲ ಎಂದು ಅನುಮಾನಿಸಿ. ಮಾಲೀಕರಿಗೆ ಹೇಳಿ ಇದೊಂದನ್ನು ಸರಿ ಮಾಡಿಸಿಕೊಳ್ಳಿ, ಗೋಡೆಗೆ ತೂತು ಬೇಡವೆನ್ನುವವರೂ ಇದಕ್ಕೆ ಬೇಡ ಎನ್ನಬಾರದು. ಆ ಬೋರ್ಡಿಗೆ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಚುಚ್ಚಬೇಡಿ. ವೈರನ್ನು ಚಾಪೆಯ ಅಡಿ ಎಳೆಯಬೇಡಿ, ತುಳಿದು ತುಳಿದು ಒಳಗೆ ಎಳೆ ಕಡಿದರೆ ಹೊರಗೆ ಗೊತ್ತಾಗುವುದಿಲ್ಲ. ಗೋಡೆಯಂಚಿಗೆ ಅಂಟು ಕ್ಲಿಪ್ ಹಾಕಿ ಒಯ್ಯಿರಿ.

ನಮ್ಮ ಕಡೆಯ ವಿದ್ಯುತ್ ಕಂಪನಿ ಬೆಸ್ಕಾಂ ಮೊದಲೇ ಗೊತ್ತು ಮಾಡಿದ ವಿದ್ಯುತ್ ವ್ಯತ್ಯಯದ ಪ್ರಕಟಣೆ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಬರುತ್ತದೆ, ಬೆಳಿಗ್ಗೆ ಕಣ್ಣಾಡಿಸಿ. ದೂರಿಗೆ 1912.

— ವಿದ್ಯುತ್ ಕೆಲಸದವರು, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಕುಕ್ಕರಿನ ಸದ್ದಿಗೆ ಪರದೆ ಕಟ್ಟಿ ಪ್ರಯೋಜನವಿಲ್ಲ, ಬಟ್ಟೆಯನ್ನು ದಾಟಿಕೊಂಡೇ ಅದು ಬರುತ್ತದೆ. ಸದ್ದನ್ನು ತಡೆಯುವ ಬದಲು ಮೈಕನ್ನು ಬಾಯಿಯ ಹತ್ತಿರ ತನ್ನಿ. ಲ್ಯಾಪ್‌ಟಾಪಿನ ಮೈಕ್ ನಿಮ್ಮಿಂದ ಎರಡಡಿ ದೂರದಲ್ಲಿದೆ, ಅದಕ್ಕೆ ನಿಮ್ಮ ದನಿಯೂ ಅಡುಗೆಮನೆಯೂ ಹೆಚ್ಚುಕಡಿಮೆ ಒಂದೇ. ಕಡ್ಡಿ ಮೈಕ್ ಇರುವ ಹೆಡ್‌ಸೆಟ್ ಹಾಕಿ, ಮೈಕನ್ನು ತುಟಿಯ ಮೂಲೆಯಿಂದ ಎರಡು ಬೆರಳು ದೂರ ನಿಲ್ಲಿಸಿ. ಬಾಯಿಯ ನೇರಕ್ಕೆ ಬೇಡ, ಉಸಿರು ಬಡಿಯುತ್ತದೆ.

ಖಾಲಿ ಗೋಡೆ, ಟೈಲ್ಸ್ ನೆಲ, ಕಬ್ಬಿಣದ ಬೀರು ಇರುವ ಕೋಣೆಯಲ್ಲಿ ದನಿ ಗುಂಯ್ಗುಡುತ್ತದೆ. ಅದಕ್ಕೆ ಬಟ್ಟೆ ಖಂಡಿತ ಆಗುತ್ತದೆ. ನಮ್ಮ ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿಯೋ ಮನೆಯ ದಪ್ಪ ಕೌದಿಯೋ ಒಂದನ್ನು ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ಇಳಿಬಿಟ್ಟು ಬೆನ್ನ ಹಿಂದೆ ನಿಲ್ಲಿಸಿ. ವಿಡಿಯೋದಲ್ಲಿ ಹಾಲ್ ಕಾಣದಂತೆ ಮರೆಯೂ ಆಯಿತು. ಕಂಬಳಿಯನ್ನು ಆಗಾಗ ಬಿಸಿಲಿಗೆ ಹಾಕಿ, ಇಲ್ಲವಾದರೆ ನುಸಿ ಹಿಡಿಯುತ್ತದೆ.

— ಧ್ವನಿಮುದ್ರಣ ಕೆಲಸದವರು, ಚಳ್ಳಕೆರೆ

ಅಕ್ಕಾ, ಮೇಜು ಮಡಚುವುದಾದರೆ ಸಾಮಾನು ಇಡಲು ಒಂದು ಮುಚ್ಚಳದ ಪೆಟ್ಟಿಗೆ ಬೇಕೇ ಬೇಕು. ಚಾರ್ಜರ್, ಮೌಸ್, ಹೆಡ್‌ಸೆಟ್, ನೋಟ್‌ಬುಕ್ ಎಲ್ಲ ಅದರೊಳಗೆ. ಮನೆಯ ಚಾರ್ಜರಿಗೂ ಕೆಲಸದ ಚಾರ್ಜರಿಗೂ ಬೇರೆ ಬಣ್ಣದ ಟೇಪ್ ಸುತ್ತಿ. ಗಿರಾಕಿಗಳ ಲೆಕ್ಕದ ಕಾಗದಗಳಿರುವುದರಿಂದ ಬೀಗ ಹಾಕಲು ಬರುವ ಟ್ರಂಕಾದರೆ ಇನ್ನೂ ಒಳ್ಳೆಯದು. ಮೀಟಿಂಗ್ ಹೊತ್ತನ್ನು ಹಿಂದಿನ ರಾತ್ರಿಯೇ ಅಡುಗೆಮನೆ ಬಾಗಿಲಿಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ, ನಿಮ್ಮ ಅತ್ತೆಯವರು ಕುಕ್ಕರನ್ನು ಆ ಹೊತ್ತಿಗೆ ಮುಂಚೆಯೋ ಆಮೇಲೋ ಇಟ್ಟುಕೊಳ್ಳಲು ಆಗುತ್ತದೆ. ಅವರ ಧಾರಾವಾಹಿಯ ಹೊತ್ತನ್ನೂ ಕೇಳಿಕೊಂಡು, ನಿಮ್ಮ ಕೈಯಲ್ಲಿರುವ ಮೀಟಿಂಗುಗಳನ್ನಾದರೂ ಅದಕ್ಕೆ ತಾಗದಂತೆ ಇಟ್ಟುಕೊಳ್ಳಿ.

— ಮನೆಯಿಂದ ಕೆಲಸ ಮಾಡುವವರು, ವಿದ್ಯಾನಗರ, ದಾವಣಗೆರೆ