ಮಳೆ ಹಿಡಿದ ಮೇಲೆ ಮಲಗುವ ಕೋಣೆಯಲ್ಲಿ ವೇಪ್ (ಇ-ಸಿಗರೇಟು) ವಾಸನೆ ಮತ್ತೆ ಎದ್ದಿದೆ, ಹೆಂಡತಿಗೆ ಮೈಗ್ರೇನ್. ಏನು ಮಾಡಬಹುದು?

ಹೆಂಚಿನಮನೆ_ಮಡಿಕೇರಿ ಕೇಳಿದ್ದು:

ಮಡಿಕೇರಿ ಹತ್ತಿರ ಬಾಡಿಗೆ ಮನೆ. ಹೆಂಚಿನ ಮಾಡು, ಮರದ ಮುಚ್ಚಿಗೆ, ರೆಡ್ ಆಕ್ಸೈಡ್ ನೆಲ. ಮಲಗುವ ಕೋಣೆ 12 ಅಡಿಗೆ 10 ಅಡಿ, ಎತ್ತರ ಸುಮಾರು 10 ಅಡಿ. ಪಶ್ಚಿಮಕ್ಕೊಂದು, ಪೂರ್ವಕ್ಕೊಂದು ಕಿಟಕಿ. ನಾನು ಮಾವು, ವೆನಿಲಾ ಫ್ಲೇವರಿನ ವೇಪ್ ಇದೇ ಕೋಣೆಯಲ್ಲಿ ಎಳೆಯುತ್ತಿದ್ದೆ. ಈಗ ಪೂರ್ತಿ ಬಿಟ್ಟಿದ್ದೇನೆ. ಬೇಸಿಗೆಯಲ್ಲಿ ವಾಸನೆ ಕಡಿಮೆಯಾಗಿತ್ತು, ಮಳೆ ಶುರುವಾದ ಮೇಲೆ ಮತ್ತೆ ಬಂದಿದೆ. ನನ್ನ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಹೆಂಡತಿಗೆ ಬಾಗಿಲು ತೆಗೆದ ಕೂಡಲೇ ತಲೆನೋವು ಹಿಡಿಯುತ್ತದೆ. ಅಗರಬತ್ತಿ, ರೂಮ್ ಸ್ಪ್ರೇ ಅಂದರೆ ಇನ್ನೂ ಕಷ್ಟ.

ಕಿಟಕಿ ತೆಗೆದರೆ ಎರಚಲು ಒಳಗೆ ಬರುತ್ತದೆ. ಏರ್ ಪ್ಯೂರಿಫೈಯರ್ ತಂದರೆ ಸಾಕಾ? ಗೋಡೆಗೆ ಬಣ್ಣ ಹೊಡೆಸಲೇಬೇಕಾ?

ಗಾಳಿಬೆಳಕು:

ಪ್ಯೂರಿಫೈಯರ್ ಕೊನೆಗೆ ನೋಡೋಣ. ವಾಸನೆ ಕೂತಿರುವುದು ಗೋಡೆ, ಮರ, ಬಟ್ಟೆಗಳ ಮೇಲೆ. ಅಲ್ಲಿಂದ ತೆಗೆಯದೆ ಗಾಳಿಯನ್ನು ಎಷ್ಟು ಸೋಸಿದರೂ ಮಾರನೇ ದಿನ ಅಷ್ಟೇ ಇರುತ್ತೆ.

ವೇಪ್‌ನಿಂದ ಬರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್‌ನ ಸಣ್ಣ ಸಣ್ಣ ಹನಿಗಳು. ಗ್ಲೈಕಾಲ್ ಕುದಿಯುವುದು 188 ಡಿಗ್ರಿಯಲ್ಲಿ, ಗ್ಲಿಸರಿನ್ 290 ಡಿಗ್ರಿಯಲ್ಲಿ. ಮಡಿಕೇರಿ ಮಳೆಗಾಲದ ಚಳಿಯಲ್ಲಿ ಗ್ಲಿಸರಿನ್ ತಾನಾಗಿ ಆರಿ ಹೋಗುವ ಮಾತೇ ಇಲ್ಲ. ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅಂಟಾಗಿ ಕೂರುತ್ತೆ. ಫ್ಲೇವರ್ ಅದರೊಳಗೆ ಸೇರಿಕೊಂಡಿರುತ್ತೆ. ವೆನಿಲಾ ವಾಸನೆ ಕೊಡುವ ವೆನಿಲಿನ್, ಸಕ್ಕರೆ ಪಾಕದ ವಾಸನೆ ಕೊಡುವ ಈಥೈಲ್ ಮಾಲ್ಟಾಲ್ ಎರಡೂ ಬಹಳ ನಿಧಾನ ಆವಿಯಾಗುವಂಥವು. ಮೇಲಾಗಿ ಗ್ಲೈಕಾಲ್, ಗ್ಲಿಸರಿನ್ ಎರಡೂ ಗಾಳಿಯ ತೇವ ಹೀರುತ್ತವೆ. ಹಾಗಾಗಿ ಮಳೆ ಹಿಡಿದ ಕೂಡಲೇ ಆ ಅಂಟು ಒದ್ದೆಯಾಗಿ ವಾಸನೆ ಮೇಲೇಳುತ್ತೆ. ನಿಮ್ಮ ಮೂಗು ಅದಕ್ಕೆ ಒಗ್ಗಿಹೋಗಿದೆ, ಅದನ್ನು ನಂಬಬೇಡಿ. ಸಮಾಧಾನದ ವಿಷಯ ಅಂದರೆ ಗ್ಲೈಕಾಲ್, ಗ್ಲಿಸರಿನ್ ಎರಡೂ ನೀರಲ್ಲಿ ಕರಗುತ್ತವೆ, ಕಟು ರಾಸಾಯನಿಕ ಏನೂ ಬೇಕಿಲ್ಲ.

ಎಲ್ಲಿ ಹೆಚ್ಚು ಕೂತಿದೆ ಅಂತ ಮೊದಲು ಪತ್ತೆ ಮಾಡಿ. ಮುಚ್ಚಳ ಗಟ್ಟಿ ಕೂರುವ ಐದಾರು ಸ್ಟೀಲ್ ಡಬ್ಬಿ ತಗೊಳ್ಳಿ, ಮಸಾಲೆ ಹಾಕಿಟ್ಟಿದ್ದ ಡಬ್ಬಿ ಬೇಡ. ಒಂದರಲ್ಲಿ ದಿಂಬಿನ ಕವರು, ಇನ್ನೊಂದರಲ್ಲಿ ಪರದೆ. ಒದ್ದೆ ಹತ್ತಿಯಲ್ಲಿ ಗೋಡೆಯನ್ನು ಒಂದು ಅಂಗೈ ಅಗಲ ಒರೆಸಿ ಆ ಹತ್ತಿಯನ್ನು ಮೂರನೆಯದರಲ್ಲಿ ಹಾಕಿ. ಹಾಗೇ ಮುಚ್ಚಿಗೆಗೆ, ಮೇಜಿನ ಡ್ರಾಯರಿಗೆ ಒಂದೊಂದು. ಒಂದರಲ್ಲಿ ಬರೀ ಒದ್ದೆ ಹತ್ತಿ ಇರಲಿ, ಹೋಲಿಸೋದಕ್ಕೆ. ಎಲ್ಲವನ್ನೂ ಮುಚ್ಚಿ ಒಂದು ಗಂಟೆ ಬಿಸಿನೀರಿನ ಟಬ್ಬಲ್ಲಿ ನಿಲ್ಲಿಸಿ. ಆಮೇಲೆ ಬೇರೆ ಕೋಣೆಯಲ್ಲಿ, ತಲೆನೋವಿಲ್ಲದ ದಿನ, ನಿಮ್ಮ ಮನೆಯವರು ಮುಚ್ಚಳ ಸ್ವಲ್ಪ ಸರಿಸಿ ದೂರದಿಂದ ಒಂದು ಸಲ ಮೂಸಿ ನೋಡಿದರೆ ಸಾಕು. ಯಾವ ಡಬ್ಬಿಯಲ್ಲಿ ಏನಿದೆ ಅಂತ ಹೇಳಬೇಡಿ. ಅವರಿಗೆ ಬೇಡ ಅನಿಸಿದರೆ ಒತ್ತಾಯ ಮಾಡಬೇಡಿ, ಪಕ್ಕದ ಮನೆಯವರನ್ನು ಕರೀರಿ.

ಒರೆಸುವ ಕೆಲಸ ಹೀಗೆ. ಮೇನ್ ಸ್ವಿಚ್ ಆಫ್ ಮಾಡಿ, ಕೈಗೆ ಗ್ಲೌಸ್ ಹಾಕಿ, ಯಾಕಂದರೆ ಆ ಅಂಟಿನಲ್ಲಿ ನಿಕೋಟಿನ್ ಇದ್ದರೆ ಅದು ಚರ್ಮದಿಂದಲೂ ಒಳಗೆ ಹೋಗುತ್ತೆ. 5 ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ದ್ರವ, ಪರಿಮಳ ಇಲ್ಲದ್ದು. ಸಿಗದಿದ್ದರೆ 10-12 ಅಂಟುವಾಳದ ಕಾಯಿ ಬೀಜ ತೆಗೆದು ರಾತ್ರಿ ಒಂದು ಲೀಟರ್ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಕಾಲು ಗಂಟೆ ಕುದಿಸಿ ಸೋಸಿ. ಆ ನೀರು ಅರ್ಧ ಲೀಟರ್, ಬಾಕಿ ಬಿಸಿನೀರು. ತಿಳಿ ಬಣ್ಣದ ಗೋಡೆಯಾದರೆ ಮೂಲೆಯಲ್ಲಿ ಪರೀಕ್ಷಿಸಿ, ಕೆಲವೊಮ್ಮೆ ಕಲೆ ಬಿಡುತ್ತೆ.

ಮೇಲಿಂದ ಕೆಳಗೆ ಬನ್ನಿ: ಮುಚ್ಚಿಗೆ, ಫ್ಯಾನ್, ಟ್ಯೂಬ್‌ಲೈಟ್, ಗೋಡೆ, ಕಿಟಕಿ, ಕೊನೆಗೆ ನೆಲ. ಒಂದು ಬಟ್ಟೆ ಸೋಪಿನ ನೀರಿಗೆ, ಎರಡನೆಯದು ಬರೀ ನೀರಿಗೆ, ಮೂರನೆಯದು ಒಣಗಿಸೋದಕ್ಕೆ. ಬಹಳ ಜನ ಎರಡನೆಯದನ್ನು ಬಿಡ್ತಾರೆ. ಆಗ ಸೋಪು ಅಂಟನ್ನು ಬಿಡಿಸಿ ಅಲ್ಲೇ ಹರಡಿಬಿಡುತ್ತೆ, ಎರಡು ದಿನ ಚೆನ್ನಾಗಿದ್ದು ಮತ್ತೆ ವಾಸನೆ. ಬಕೆಟ್ ನೀರು ಹಳದಿಗೆ ತಿರುಗಿದ ಕೂಡಲೇ ಚೆಲ್ಲಿ ಹೊಸದು ತುಂಬಿ. ಮರೆತುಹೋಗುವ ಜಾಗಗಳು: ಬಾಗಿಲ ಚೌಕಟ್ಟಿನ ತಲೆ, ಸೊಳ್ಳೆ ಮೆಶ್, ಪರದೆಯ ರಾಡು, ಬೀರುವಿನ ಹಿಂಬದಿ, ಕನ್ನಡಿಯ ಹಿಂಭಾಗ, ಚಾರ್ಜರ್ ವೈರು, ಮಂಚದ ಅಡಿ.

ಮುಚ್ಚಿಗೆಗೆ ನೀರು ಸುರಿಯುವ ಹಾಗಿಲ್ಲ. ಬಟ್ಟೆ ಹಿಂಡಿ ಹಿಂಡಿ, ಹನಿ ತೊಟ್ಟಿಕ್ಕದಷ್ಟು ಒಣಗಿಸಿ ಒರೆಸಿ. ಒಂದು ಹಲಗೆ ಮುಗಿಸಿ ಒಣ ಬಟ್ಟೆ ಹಾಕಿದ ಮೇಲೇ ಮುಂದಿನದು. ಮಳೆಯಲ್ಲಿ ಮರ ಒದ್ದೆಯಾಗೇ ಉಳಿದರೆ ಬೂಷ್ಟು ಬರುತ್ತೆ, ಆ ವಾಸನೆಯೂ ಅವರಿಗೆ ಆಗುವುದಿಲ್ಲ.

ಕುಶಾಲನಗರ_ಬಟ್ಟೆ:

ಬಟ್ಟೆ ವಿಷಯ ನಾನು ಹೇಳ್ತೇನೆ. ಪರದೆ, ಬೆಡ್‌ಶೀಟು, ಹತ್ತಿ ಕವರುಗಳು: 10 ಲೀಟರ್ ಬಿಸಿನೀರಿಗೆ 2 ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ನೆನೆಸಿ, ಆಮೇಲೆ ಪರಿಮಳ ಇಲ್ಲದ ಡಿಟರ್ಜೆಂಟಲ್ಲಿ ಒಗೆದು ಮೂರು ಸಲ ನೀರು ಹಾಕಿ. ಉಣ್ಣೆ, ರೇಷ್ಮೆಗೆ ವಾಷಿಂಗ್ ಸೋಡಾ ಬೇಡವೇ ಬೇಡ, ನೂಲು ಹಾಳಾಗ್ತದೆ. ಫ್ಯಾಬ್ರಿಕ್ ಕಂಡೀಷನರ್ ಮುಟ್ಟಬೇಡಿ. ಅದು ನೂಲಿನ ಮೇಲೆ ಪದರ ಕಟ್ಟಿ ಹಳೇ ವಾಸನೆಯನ್ನು ಒಳಗೇ ಹಿಡಿದಿಡ್ತದೆ, ಮೇಲಿಂದ ತನ್ನ ಪರಿಮಳ ಸೇರಿಸ್ತದೆ.

ನಿಜವಾದ ಕಷ್ಟ ಒಣಗಿಸೋದು. ಅರ್ಧ ಒಣಗಿದ ಬಟ್ಟೆ ಎರಡು ದಿನ ನೇತಾಡಿದರೆ ಬ್ಯಾಕ್ಟೀರಿಯಾ ಬೆಳೆದು ಹುಳಿ ವಾಸನೆ ಹಿಡಿಯುತ್ತದೆ. ಒಲೆ ಮೇಲಿನ ಅಟ್ಟದಲ್ಲೋ ಕೆಂಡದ ಮೇಲಿನ ಬುಟ್ಟಿಯಲ್ಲೋ ಒಣಗಿಸಿದರೆ ಹೊಗೆ ವಾಸನೆ ಹಿಡಿಯುತ್ತದೆ, ಇವರಿಗೆ ಅದೂ ತೊಂದರೆ. ಒಂದು ಸಲಕ್ಕೆ ಸ್ವಲ್ಪವೇ ಒಗೀರಿ, ಮೆಷಿನಲ್ಲಿ ಎರಡು ಸಲ ಸ್ಪಿನ್ ಹಾಕಿ, ನಡುವೆ ಒಂದು ಗೇಣು ಜಾಗ ಬಿಟ್ಟು ಹರಡಿ ಕೆಳಗಿಂದ ಟೇಬಲ್ ಫ್ಯಾನ್ ಬಿಡಿ. ದಪ್ಪ ಪರದೆ, ರಗ್ಗು, ಕಂಬಳಿ ಇದ್ದರೆ ಕುಶಾಲನಗರದ ಕಡೆ ಕಳಿಸುವುದು ಒಳ್ಳೇದು. ಮಡಿಕೇರಿಗಿಂತ ಇಲ್ಲಿ ಮಳೆ ಬಹಳ ಕಡಿಮೆ, ಜೋರು ಮಳೆಯ ಕಕ್ಕಡ ತಿಂಗಳಲ್ಲೂ ನಡುನಡುವೆ ಬಿಸಿಲು ಸಿಗ್ತದೆ. ಲಾಂಡ್ರಿಗೆ ಕೊಡುವಾಗ ಸೆಂಟು, ಕಂಡೀಷನರ್ ಹಾಕಬೇಡಿ ಅಂತ ಚೀಟಿಯಲ್ಲಿ ಬರೆದು ಪಿನ್ ಮಾಡಿ. ಬಾಯಲ್ಲಿ ಹೇಳಿದ್ದು ಒಗೆಯುವವರ ತನಕ ತಲುಪುವುದಿಲ್ಲ.

ಹಾಸಿಗೆ ಹತ್ತಿಯದ್ದಾದರೆ ಈಗ ಕವರು ಮಾತ್ರ ಬದಲಿಸಿ, ಮಳೆ ಕಳೆದ ಮೇಲೆ ಬಿಚ್ಚಿಸಿ ಹಿಂಜಿಸಿ. ಫೋಮ್ ಆದರೆ ಒಳಗೆ ತೊಳೆಯಲಿಕ್ಕೆ ಆಗುವುದಿಲ್ಲ. ಡಬ್ಬಿ ಪರೀಕ್ಷೆಯಲ್ಲಿ ಫೋಮ್‌ನದೇ ವಾಸನೆ ಅಂತ ಗೊತ್ತಾದರೆ ಬದಲಿಸುವುದೇ ದಾರಿ.

ಕಾಫಿತೋಟ_67:

ಇಷ್ಟೆಲ್ಲ ಯಾಕೆ? ನಾಲ್ಕು ದಿನ ಸಾಂಬ್ರಾಣಿ ಹಾಕಿ, ಮೂಲೆಯಲ್ಲಿ ಕಾಫಿಪುಡಿ ಇಡಿ. ಓಜೋನ್ ಮೆಷಿನ್ ಬಾಡಿಗೆಗೆ ಸಿಗ್ತದಂತೆ, ಅದನ್ನೂ ನೋಡಬಹುದು.

ಗಾಳಿಬೆಳಕು:

ಅಣ್ಣ, ಅವರ ಮನೆಯವರಿಗೆ ಯಾವುದೇ ಗಾಢ ವಾಸನೆ ಆಗಲ್ಲ. ಸಾಂಬ್ರಾಣಿ ಹೊಗೆಯ ಮಸಿಯೂ ಅದೇ ಅಂಟಿನ ಮೇಲೆ ಕೂರುತ್ತೆ. ಕಾಫಿಪುಡಿ ಮುಚ್ಚಿಹಾಕುತ್ತೆ ಅಷ್ಟೇ, ಈ ಹವೆಯಲ್ಲಿ ವಾರದೊಳಗೆ ಅದಕ್ಕೇ ಬೂಷ್ಟು. ಓಜೋನ್ ಮಾತ್ರ ದಯವಿಟ್ಟು ಬೇಡ. ಅದು ಶ್ವಾಸಕೋಶಕ್ಕೆ ಕೆಡುಕು, ಜೊತೆಗೆ ಗೋಡೆ ಮೇಲಿನ ನಿಕೋಟಿನ್, ಫ್ಲೇವರ್‌ಗಳ ಜೊತೆ ಸೇರಿ ಫಾರ್ಮಾಲ್ಡಿಹೈಡ್‌ನಂಥ ಹೊಸ ವಸ್ತುಗಳನ್ನು ಹುಟ್ಟಿಸುತ್ತೆ. ನೆಲಕ್ಕೆ ಪರಿಮಳದ ಫಿನಾಯಿಲ್, ಬೀರುವಿಗೆ ನುಸಿಗುಳಿಗೆ, ಇವೆರಡನ್ನೂ ಈಗ ನಿಲ್ಲಿಸೋದು ಒಳ್ಳೇದು.

ಬಣ್ಣದಕೆಲಸ_ವಿರಾಜಪೇಟೆ:

ಗೋಡೆಗೆ ಏನು ಬಳಿದಿದೆ ಅನ್ನೋದರ ಮೇಲೆ ಉತ್ತರ ಇದೆ. ಒದ್ದೆ ಬೆರಳಲ್ಲಿ ಉಜ್ಜಿ ನೋಡಿ. ಬೆರಳಿಗೆ ಬಿಳಿ ಹಿಟ್ಟು ದಪ್ಪಗೆ ಬಂದರೆ ಸುಣ್ಣ, ತೆಳ್ಳಗೆ ಬಣ್ಣ ಬಂದರೆ ಡಿಸ್ಟೆಂಪರ್, ಏನೂ ಬಾರದಿದ್ದರೆ ಎಮಲ್ಷನ್. ಎಮಲ್ಷನ್ ಧಾರಾಳ ಒರೆಸಬಹುದು. ಡಿಸ್ಟೆಂಪರ್ ಆದರೆ ಹಿಂಡಿದ ಬಟ್ಟೆಯಲ್ಲಿ ಮೆಲ್ಲಗೆ ಒಂದೇ ಸಲ. ಸುಣ್ಣದ ಗೋಡೆ ಒರೆಸಿ ಪ್ರಯೋಜನ ಇಲ್ಲ, ಸಡಿಲ ಪದರ ಕೆರೆದು ಹೊಸ ಸುಣ್ಣ ಹೊಡೆಯೋದೇ ಸರಿ. ಬಾಡಿಗೆ ಮನೆಯಾದ್ದರಿಂದ ಮನೆ ಓನರ್ ಹತ್ತಿರ ಮೊದಲು ಮಾತಾಡಿ.

ವಿನೆಗರ್, ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ಒರೆಸಿ ಅಂತ ಇಂಟರ್‌ನೆಟ್ಟಲ್ಲಿ ಬಹಳ ಕಡೆ ಬರುತ್ತೆ. ನಿಕೋಟಿನ್ ಕ್ಷಾರ ಗುಣದ್ದು, ಹುಳಿ ಅದನ್ನು ಬಿಡಿಸೋದು ನಿಜ. ಎಮಲ್ಷನ್ ಗೋಡೆಗೆ ಒಂದು ಲೀಟರಿಗೆ 10 ಗ್ರಾಂ ನಿಂಬೆ ಉಪ್ಪು ಹಾಕಬಹುದು, ವಿನೆಗರ್ ಹಾಗೆ ನಾರುವುದಿಲ್ಲ. ಆದರೆ ಸುಣ್ಣದ ಗೋಡೆ, ಕಡಪ ಕಲ್ಲು, ರೆಡ್ ಆಕ್ಸೈಡ್ ನೆಲಕ್ಕೆ ಹುಳಿ ತಾಗಬಾರದು. ಸುಣ್ಣ ನೊರೆ ಬಂದು ಕರಗುತ್ತೆ, ನೆಲದ ಹೊಳಪು ಹೋಗುತ್ತೆ.

ಹೊಸ ಬಣ್ಣ ಈಗ ಬೇಡ. ಜೂನಿಂದ ಸೆಪ್ಟೆಂಬರ್ ತನಕ ಗೋಡೆ ನೀರು ಕುಡಿದಿರುತ್ತೆ, ಬಣ್ಣ ಗುಳ್ಳೆ ಏಳುತ್ತೆ. ಡಿಸೆಂಬರ್ ನಂತರ, ಗೋಡೆ ಒಣಗಿದ ಮೇಲೆ ನೋಡಿ. ಆಗಲೂ ಮೊದಲು ಒರೆಸಿ ತೊಳೆದೇ ಹೊಡೆಯಬೇಕು, ಅಂಟಿನ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ವಾಸನೆ ತಡೆಯಲಿಕ್ಕೆ ಶೆಲ್ಯಾಕ್ (ಅರಗಿನ) ಪ್ರೈಮರ್ ಒಳ್ಳೇದು, ಆದರೆ ಹೊಡೆಯುವಾಗ ಸ್ಪಿರಿಟ್ ವಾಸನೆ ಜೋರು. ವಾಸನೆ ಪೂರ್ತಿ ಹೋಗುವ ತನಕ ನಿಮ್ಮ ಮನೆಯವರು ತವರಲ್ಲೋ ನೆಂಟರಲ್ಲೋ ಇರಲಿ.

ಹೆಂಚಿನಮನೆ_ಮಡಿಕೇರಿ:

ಎಲ್ಲರಿಗೂ ಧನ್ಯವಾದ. ಡಬ್ಬಿ ಪರೀಕ್ಷೆ ಮಾಡಿದೆವು. ಗೋಡೆಯದ್ದು ಸ್ವಲ್ಪ, ಪರದೆಯದ್ದು ಜಾಸ್ತಿ. ಎಲ್ಲಕ್ಕಿಂತ ಜೋರು ಮೇಜಿನ ಡ್ರಾಯರ್. ಅದರ ಮೂಲೆಯಲ್ಲಿ ಅಂಟಂಟಾದ ಕಂದು ಕಲೆ ಉಂಟು, ಹಳೇ ಡಿವೈಸು, ಅರ್ಧ ಬಾಟಲಿ ಲಿಕ್ವಿಡ್ ಕೂಡ ಅಲ್ಲೇ ಇದೆ. ಗೋಡೆ ಎಮಲ್ಷನ್. ಗಾಳಿ ಆಡಿಸುವ ಬಗ್ಗೆ ಯಾರಾದರೂ ಹೇಳಿ.

ಫ್ಯಾನ್_ಮೋಟಾರ್:

ನಿಮ್ಮ ಕೋಣೆ 1200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಗಂಟೆಗೆ 200 ಘನ ಮೀಟರ್ ಎಳೆಯುವ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗಂಟೆಗೆ ಆರು ಸಲದಷ್ಟು ಗಾಳಿ ಬದಲಾಗುತ್ತದೆ. ಫ್ಯಾನ್ ಪೂರ್ವದ ಕಿಟಕಿಗೇ ಹಾಕಿ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದು. ಪಶ್ಚಿಮಕ್ಕೆ ಹಾಕಿದರೆ ಗಾಳಿ ಎದುರು ತಳ್ಳಿ ಫ್ಯಾನ್ ಸುಮ್ಮನೆ ತಿರುಗುತ್ತದೆ, ಎರಚಲು ಮೋಟಾರಿಗೆ ಬೀಳುತ್ತದೆ. ಒಳಬರುವ ಗಾಳಿಗೂ ದಾರಿ ಬೇಕು: ಹಜಾರದ ಬಾಗಿಲು ನಾಲ್ಕು ಬೆರಳು ತೆರೆದಿಡಿ, ಅಡುಗೆಮನೆ ಬಾಗಿಲು ಮುಚ್ಚಿ, ಇಲ್ಲದಿದ್ದರೆ ಒಗ್ಗರಣೆ ವಾಸನೆ ಎಲ್ಲ ಮಲಗುವ ಕೋಣೆಗೇ ಬರುತ್ತದೆ.

ಇಡೀ ದಿನ ಓಡಿಸಬೇಡಿ, ಹೊರಗಿನ ತೇವ ಒಳಗೆ ಬರುತ್ತದೆ. ಮಳೆ ಬಿಟ್ಟಾಗ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮುಚ್ಚಿ ಡೀಹ್ಯುಮಿಡಿಫೈಯರ್ ಹಾಕಿ. ತೇವಾಂಶ ಅಳೆಯುವ ಸಣ್ಣ ಮೀಟರ್ ಇಟ್ಟು 50-55 ಶೇಕಡಕ್ಕೆ ತನ್ನಿ. ಡೀಹ್ಯುಮಿಡಿಫೈಯರ್ ಕೊಳ್ಳುವಾಗ ದಿನಕ್ಕೆ ಇಷ್ಟು ಲೀಟರ್ ಅಂತ ಬರೆದದ್ದನ್ನು ಹಾಗೇ ನಂಬಬೇಡಿ. ಆ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ, 80 ಶೇಕಡ ತೇವದಲ್ಲಿ ಮಾಡಿದ್ದು. ನಮ್ಮ ಚಳಿಯಲ್ಲಿ ಅದಕ್ಕಿಂತ ಬಹಳ ಕಡಿಮೆ ನೀರು ತೆಗೆಯುತ್ತದೆ, ಹಾಗಾಗಿ ದೊಡ್ಡದೇ ನೋಡಿ.

ಪ್ಯೂರಿಫೈಯರ್ ಬೇಕಾದರೆ ಅದರಲ್ಲಿ ವಾಸನೆ ಹೀರುವ ಆಕ್ಟಿವೇಟೆಡ್ ಕಾರ್ಬನ್ ಎಷ್ಟು ಇದೆ ಅಂತ ಕೇಳಿ. ಹೆಪಾ ಫಿಲ್ಟರ್ ಧೂಳು, ಹನಿ ಹಿಡಿಯುತ್ತದೆ, ವಾಸನೆಯ ಅನಿಲ ಹಿಡಿಯುವುದಿಲ್ಲ. ಸ್ಪಂಜಿಗೆ ಕಪ್ಪು ಪುಡಿ ಹಚ್ಚಿದಂಥ ಫಿಲ್ಟರ್ ಬೇಗ ತುಂಬಿಹೋಗುತ್ತದೆ, ಕಿಲೋ ಲೆಕ್ಕದಲ್ಲಿ ಕಾರ್ಬನ್ ಕಾಳು ಇರುವಂಥದ್ದು ಬೇಕು. ಬೀರುವಿಗೆ ನೀರಿನ ಫಿಲ್ಟರಿಗೆ ಹಾಕುವ ಕಾಳಿನ ಆಕ್ಟಿವೇಟೆಡ್ ಕಾರ್ಬನ್ ಅರ್ಧ ಕಿಲೋ ತಂದು ತೆಳು ಬಟ್ಟೆಯ ಚೀಲದಲ್ಲಿ ಹರಡಿಡಿ. ಒಲೆಯ ಇದ್ದಿಲು ಆ ಕೆಲಸ ಮಾಡುವುದಿಲ್ಲ. ತೇವ ಇಳಿಸದೆ ಕಾರ್ಬನ್ ಇಟ್ಟರೆ ಅದರ ರಂಧ್ರಗಳಲ್ಲಿ ನೀರೇ ತುಂಬಿಕೊಳ್ಳುತ್ತದೆ.

ಒರೆಸಿ ತೊಳೆದಾದ ಮೇಲೆ ಇನ್ನೂ ಉಳಿದಿದ್ದರೆ, ನಿಮ್ಮ ಮನೆಯವರು ಹೊರಗೆ ಹೋದ ದಿನ ಆಯಿಲ್ ಹೀಟರಿಂದ ಕೋಣೆಯನ್ನು 28-30 ಡಿಗ್ರಿಗೆ ತಂದು ಮೂರ್ನಾಲ್ಕು ಗಂಟೆ ಇಟ್ಟು, ಆಮೇಲೆ ಎಕ್ಸಾಸ್ಟ್ ಒಂದು ಗಂಟೆ ಓಡಿಸಿ. ಬಿಸಿಗೆ ವಾಸನೆ ಗೋಡೆಯಿಂದ ಬೇಗ ಹೊರಬರುತ್ತದೆ. ಹೀಟರ್ ಬದಲು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಯಾವ ಕಾರಣಕ್ಕೂ ಇಡಬಾರದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇರುವುದಿಲ್ಲ, ಪ್ರಾಣಕ್ಕೇ ಅಪಾಯ.

ಗಾಳಿಬೆಳಕು:

ಡ್ರಾಯರ್ ಅಂತ ಗೊತ್ತಾಗಿದ್ದು ದೊಡ್ಡ ವಿಷಯ, ಇವತ್ತೇ ಅದನ್ನು ಕೋಣೆಯಿಂದ ಹೊರಗೆ ತೆಗೀರಿ. ಗ್ಲೌಸ್ ಹಾಕಿ ಕಲೆಯ ಮೇಲೆ ಟಿಶ್ಯೂ ಒತ್ತಿ ಹೀರಿಸಿ, ಆಮೇಲೆ ಸೋಪಿನ ನೀರು, ಬರೀ ನೀರು, ಒಣಗಿಸೋದು. ಪ್ಲೈವುಡ್ಡಿನ ಅಂಚಿಗೆ ಇಳಿದಿದ್ದರೆ ಒರೆಸಿದರೆ ಸಾಲದು, ತಳದ ಹಲಗೆಯನ್ನೇ ಬದಲಿಸಿ. ಇದೇ ಥರ ಜಾಕೆಟ್ ಜೇಬು, ಕಾರಿನ ಕಪ್ ಹೋಲ್ಡರ್, ಬ್ಯಾಗಿನ ತಳ ನೋಡಿ.

ಉಳಿದ ಲಿಕ್ವಿಡ್ಡಿಗೆ ಮುಚ್ಚಳ ಬಿಗಿದು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಸಿಂಕಿಗೆ, ತೋಡಿಗೆ, ಕಾಫಿ ಗಿಡದ ಬುಡಕ್ಕೆ ಸುರಿಯಬೇಡಿ, ನಿಕೋಟಿನ್ ಮೀನಿಗೂ ಹುಳಕ್ಕೂ ವಿಷ. ಮಕ್ಕಳ ಕೈಗಂತೂ ಸಿಗಲೇಬಾರದು. ಡಿವೈಸಿನಲ್ಲಿ ಲಿಥಿಯಂ ಬ್ಯಾಟರಿ ಇರುತ್ತೆ, ಬಿಚ್ಚಲು ಬಂದರೆ ಎರಡು ತುದಿಗೂ ಟೇಪ್ ಸುತ್ತಿ, ಬಾರದಿದ್ದರೆ ಇಡೀ ಡಿವೈಸನ್ನೇ ಕಟ್ಟಿ. ಒಣಕಸದ ಜೊತೆ ಹಾಕಿದರೆ ಲಾರಿಯಲ್ಲಿ ಒತ್ತಿ ಬೆಂಕಿ ಹಿಡಿಯಬಹುದು. ಹಾಗಾಗಿ ಇದು ಇ-ತ್ಯಾಜ್ಯದಲ್ಲಿ, ಲಿಕ್ವಿಡ್ ಅಪಾಯಕಾರಿ ಕಸದಲ್ಲಿ ಹೋಗಬೇಕು. ಕಸ ಸಂಗ್ರಹಿಸಲು ಬರುವವರ ಕೈಗೆ ಬೇರೆ ಬೇರೆ ಕೊಟ್ಟು ಏನು ಅಂತ ಬಾಯಿಬಿಟ್ಟು ಹೇಳಿ. 2019ರ ಕಾಯ್ದೆ ಪ್ರಕಾರ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ನಿಷೇಧ ಇದೆ, ಅದಕ್ಕೂ ಸೇರಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಯಾರಿಗೂ ದಾಟಿಸಬೇಡಿ.

ಕೆಲಸದ ಕ್ರಮ: ಇವತ್ತು ಡ್ರಾಯರ್, ಪರದೆ ಹೊರಗೆ. ಅದಾದ ಮೇಲೆ ಮುಚ್ಚಿಗೆ, ಫ್ಯಾನ್, ಗೋಡೆ. ಅಷ್ಟೂ ದಿನ ನಿಮ್ಮ ಮನೆಯವರು ಬೇರೆ ಕೋಣೆಯಲ್ಲಿ ಮಲಗಲಿ, ಯಾಕಂದರೆ ಒರೆಸಿದ ಮೊದಲ ದಿನ ಅಂಟು ಒದ್ದೆಯಾಗಿ ವಾಸನೆ ಸ್ವಲ್ಪ ಹೆಚ್ಚೇ ಇರುತ್ತೆ. ಪರದೆ ವಾಪಸ್ ಹಾಕುವ ಮೊದಲು ಮತ್ತೊಮ್ಮೆ ಡಬ್ಬಿ ಪರೀಕ್ಷೆ ಮಾಡಿ. ಅವರಿಗೆ ತಲೆನೋವಿನ ಜೊತೆ ಉಬ್ಬಸವೋ ಎದೆ ಬಿಗಿತವೋ ಇದ್ದರೆ ಅದನ್ನು ವಾಸನೆಯ ಲೆಕ್ಕಕ್ಕೆ ಸೇರಿಸಿ ಬಿಡಬೇಡಿ, ಡಾಕ್ಟರಿಗೆ ತೋರಿಸಿ.